ಆಡು ಎಲ್ಲಿ ಹೋಯಿತು

ತೆಲಾವಿಯ ಗ್ರಂಥಾಲಯದಲ್ಲಿ ಲಮಾರಾ
ಪುಸ್ತಕದ ಬೆನ್ನಿಗೆ ಬಣ್ಣದ ಚೀಟಿ ಅಂಟಿಸುತ್ತಾಳೆ:
ಹಳದಿ ಮೂರಕ್ಕೆ, ಹಸಿರು ಐದಕ್ಕೆ,
ಕೆಂಪು, ಹಲ್ಲು ಬಿದ್ದು ಹೊಸದು ಬಂದವರಿಗೆ.
'ನಿಮ್ಮ ಕೇಸೋಗೆ ಎಷ್ಟು, ಓತಿಯಾ?'
'ನಾಲ್ಕೂಕಾಲು' ಅಂದೆ.
ನಾಲ್ಕೂಕಾಲಕ್ಕೆ ಬಣ್ಣವಿರಲಿಲ್ಲ.

ಮೂವತ್ತೆಂಟು ವರ್ಷ ಲಾರಿ ಓಡಿಸಿದವನು ನಾನು.
ಗೊತ್ತಿಲ್ಲದ ಘಾಟಿಗೆ ಮಗುವನ್ನು ಹತ್ತಿಸಿಕೊಂಡು ಹೋಗುವುದುಂಟೆ?
ಮೊದಲು ಖಾಲಿ ಗಾಡಿ ಓಡಿಸಿ ನೋಡಬೇಕು.
ಆರು ಪುಸ್ತಕ ತಂದು, ರಾತ್ರಿ ಅಡುಗೆಮನೆಯಲ್ಲಿ
ಕನ್ನಡಕ ಮೂಗಿಗಿಳಿಸಿ ಒಬ್ಬನೇ ಓದಿದೆ.

ಮೊದಲನೆಯದರಲ್ಲಿ ಎರಡನೇ ಸಾಲಿಗೇ ತಾಯಿ ಸತ್ತಳು.
ಮುಚ್ಚಿದೆ.
ಎರಡನೆಯದರಲ್ಲಿ ಮಲತಾಯಿ, ಒಲೆಯ ಮೇಲೆ ಕುದಿಯುವ ಕಡಾಯಿ.
ಬೇಡ.
ಮೂರನೆಯದರಲ್ಲಿ ತಾಯಿ ಬದುಕಿದ್ದಾಳೆ; ಆದರೆ ಏಳು ಬೆಟ್ಟ ದಾಟಿ
ಯಾರದೋ ಅರಮನೆಯಲ್ಲಿ ಯಾವುದೋ ಮುದುಕಿಗೆ ತಲೆ ಬಾಚುತ್ತಾಳೆ.
ಇದನ್ನು ಬರೆದವನಿಗೆ ನಮ್ಮ ಮನೆ ವಿಳಾಸ ಯಾರು ಕೊಟ್ಟರೋ.
ನನ್ನ ಮಗಳು ಇಟಲಿಯ ಬೊಲೊನ್ಯಾದಲ್ಲಿ
ಒಬ್ಬ ಮುದುಕಿಯನ್ನು ಎಬ್ಬಿಸಿ, ತೊಳೆದು, ಉಣ್ಣಿಸಿ, ಮಲಗಿಸುತ್ತಾಳೆ,
ಭಾನುವಾರ ಫೋನಿನ ಗಾಜಿನೊಳಗಿಂದ ನಗುತ್ತಾಳೆ.
ಆ ಪುಸ್ತಕವನ್ನು ಹಿಟ್ಟಿನ ಡಬ್ಬಿಯ ಹಿಂದೆ ಬಚ್ಚಿಟ್ಟೆ.

ನಾಲ್ಕನೆಯದು ಬರೀ ಸಕ್ಕರೆ: ಮೊಲ ಹಲ್ಲುಜ್ಜಿತು, ಮೊಲ ಮಲಗಿತು.
ಐದನೆಯದರ ಅರ್ಧ ಯಾರೋ ತಿಂದಿದ್ದರು, ಮಗುವೋ ಇಲಿಯೋ.
ಉಳಿದದ್ದು ಹಸಿರು ಚೀಟಿಯ ರಾಕ್ಷಸ.
ಮೂರು ತಲೆ, ಒಂದೊಂದಕ್ಕೂ ಬೇರೆ ಬೇರೆ ಹಸಿವು.
ಆಡು ಮೇಯಿಸುವ ಹುಡುಗಿ ಅವನ ಗುಹೆ ಹೊಕ್ಕು,
ಮೂರು ತಲೆಗಳಿಗೂ ಜಗಳ ಹಚ್ಚಿ ಪಾರಾಗಿ ಬರುತ್ತಾಳೆ,
ಊರಿಗೆಲ್ಲ ಔತಣ.
ಹಲ್ಲು ಬರುವ ಕಡೆಯೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿದೆ:
ಇಲ್ಲಿ ನಿಧಾನ. ಇಲ್ಲಿ ದನಿ ತಗ್ಗಿಸು. ಇಲ್ಲಿ ಹಾರು.

'ಇತ್ತಂತೆ, ಇರಲಿಲ್ಲವಂತೆ...' ನಮ್ಮ ಕಡೆ ಕಥೆ ಹೊರಡುವುದೇ ಹೀಗೆ.
ಮೊದಲ ತಲೆ ಬಂತು. ಕೇಸೋ ಆಕಳಿಸಿದಳು.
ಎರಡನೆಯದು ಗರ್ಜಿಸಿತು; ಅಂದರೆ ನಾನು ಸಣ್ಣಗೆ ಕೆಮ್ಮಿದೆ.
'ತಾತಾ, ಸರಿಯಾಗಿ ಗರ್ಜಿಸು.'
ಸರಿಯಾಗಿ ಗರ್ಜಿಸಿದೆ. ಪಕ್ಕದ ಮನೆ ನಾಯಿ ಬೊಗಳಿತು.
ಹಾರಬೇಕಾದ ಕಡೆ ಹಾರಲು ಬಿಡಲಿಲ್ಲ,
ಚಿತ್ರದ ಮೇಲೆ ಬೆರಳಿಟ್ಟು ರಾಕ್ಷಸನ ಹಲ್ಲು ಎಣಿಸಿದಳು
ಇಪ್ಪತ್ತರವರೆಗೆ, ಹದಿನೈದನ್ನು ಬಿಟ್ಟು.
ಔತಣ ಮುಗಿಯಿತು. ದೀಪ ಆರಿಸಿದೆ.
ಗೆದ್ದೆ ಅಂದುಕೊಂಡೆ.

ಹನ್ನೊಂದು ಗಂಟೆಗೆ ಬರಿಗಾಲಲ್ಲಿ ಬಾಗಿಲಿಗೆ ಬಂದು ನಿಂತಿದ್ದಾಳೆ.
'ರಾಕ್ಷಸ ಕನಸಿಗೆ ಬಂದನಾ?'
'ಅಲ್ಲ. ಆಡು.'
'ಯಾವ ಆಡು?'
'ಗುಹೆ ಹೊರಗೆ ಕಟ್ಟಿದಳಲ್ಲ. ಬಿಚ್ಚಲೇ ಇಲ್ಲ.'

ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ಹುಡುಕಿದೆ.
ನಿಜ. ಹನ್ನೆರಡನೇ ಪುಟದಲ್ಲಿ ಓಕ್ ಮರದ ಬೇರಿಗೆ ಕಟ್ಟಿದ್ದಾಳೆ,
ಆಮೇಲೆ ಆಡಿನ ಸುದ್ದಿಯೇ ಇಲ್ಲ.
ಔತಣದ ಚಿತ್ರದಲ್ಲಿ ದೊಡ್ಡದೊಂದು ಹಂಡೆ;
ಪುಟ ಬೇಗ ಮಗುಚಿದೆ.
ಚೀಟಿ ಅಂಟಿಸುವಾಗ ಲಮಾರಾಗೂ ಇದು ಕಂಡಿಲ್ಲ,
ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿದ ನನಗೂ.

'ಅದೇ ಬಂದಿರುತ್ತೆ ಬಿಡು.'
'ಪುಸ್ತಕದಲ್ಲಿಲ್ಲ.'
'ಹಗ್ಗ ಕಡಿದುಕೊಂಡು...'
'ಪುಸ್ತಕದಲ್ಲಿಲ್ಲ, ತಾತಾ.'

ಪೆನ್ಸಿಲ್ ಚೂಪು ಮಾಡಿದೆ. ಕೊನೆಯ ಪುಟದ ಬುಡದಲ್ಲಿ,
ಡೀಸೆಲ್ ಲೆಕ್ಕ ಬರೆಯುತ್ತಿದ್ದ ಅದೇ ದಪ್ಪ ಅಕ್ಷರದಲ್ಲಿ
'ಆಡು ಮನೆಗೆ ಬಂತು' ಎಂದು ಬರೆದೆ.
ಓದಲು ಬಾರದವಳು ಒಂದೊಂದೇ ಅಕ್ಷರ ಮುಟ್ಟಿ ನೋಡಿದಳು.
'ಯಾವಾಗ ಅಂತ ಬರೆ.'

ಹೊರಗೆ ಚಪ್ಪರದಲ್ಲಿ ದ್ರಾಕ್ಷಿ ಇನ್ನೂ ಮೆಣಸಿನ ಕಾಳಿನಷ್ಟು.
ದ್ರಾಕ್ಷಿ ಕೊಯ್ಲಿಗೆ, ಅಂದಿದ್ದಾಳೆ ಮಗಳು ಫೋನಿನಲ್ಲಿ.
ಹೋದ ವರ್ಷವೂ ಅಂದಿದ್ದಳು.

ಆಡಿನ ವಿಷಯ ನನ್ನ ಕೈಯಲ್ಲಿದೆ.
'ಅವತ್ತೇ ಸಂಜೆ' ಎಂದು ಸೇರಿಸಿದೆ.
ಪುಸ್ತಕವನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದಳು,
ಒಂದು ಕಾಲು ಹೊದಿಕೆಯಿಂದಾಚೆ.

ಮಂಗಳವಾರ ವಾಪಸು ಕೊಡಬೇಕು.
ಲಮಾರಾ ರಬ್ಬರ್ ಹುಡುಕುತ್ತಾಳೆ.
ಹುಡುಕಲಿ.